ನಾಲ್ಕು ಗಂಟೆಗೆ ಬರುವ ಗಾಳಿ

ಒಂದು ಬೆಟ್ಟಸಾಲು, ಅದರಲ್ಲೊಂದು ಕಂಡಿ, ಕಂಡಿಯೊಳಗೊಂದು ಮಹಾನದಿ. ಅಮೆರಿಕದ ಕೊಲಂಬಿಯಾ ಕಣಿವೆಯಲ್ಲಿ ಬೇಸಿಗೆ ಬಂತೆಂದರೆ ಊರಿಗೆ ಊರೇ ಗಾಳಿಯ ಲೆಕ್ಕಕ್ಕೆ ಕೂರುತ್ತದೆ. ಯಾವ ದಡಕ್ಕೆ? ಎಷ್ಟು ಹೊತ್ತಿಗೆ? ಎಷ್ಟು ಜೋರು? ಉತ್ತರ ಹೇಳಬೇಕಾದವರು ಕೋಳಿ ಕೂಗುವ ಮೊದಲೇ ಎದ್ದಿರುತ್ತಾರೆ.

ಬೆಳಗ್ಗೆ ಆರೂವರೆ. ಓರೆಗಾನ್ ರಾಜ್ಯದ ಹುಡ್ ರಿವರ್ ಎಂಬ ಪುಟ್ಟ ಊರು, ಕೊಲಂಬಿಯಾ ನದಿಯ ದಂಡೆ. ಸಾಲಾಗಿ ನಿಂತ ವ್ಯಾನುಗಳ ಹಿಂಬಾಗಿಲು ತೆರೆದಿವೆ. ಒಳಗೆ ಸುತ್ತಿಟ್ಟ ಹಾಯಿಗಳು, ಹಲಗೆಗಳು, ನಿನ್ನೆಯ ನೀರು ಇನ್ನೂ ಆರದ ರಬ್ಬರ್ ಉಡುಪುಗಳು. ಜುಲೈ ತಿಂಗಳು, ಆದರೂ ಕಿವಿ ಮುಚ್ಚಿಕೊಳ್ಳಬೇಕೆನಿಸುವ ತಣುಪು.

ದಂಡೆಯ ಮೇಲೆ ಮೂವತ್ತು ನಲವತ್ತು ಜನ ಇದ್ದರು. ಯಾರ ಕಣ್ಣೂ ನೀರಿನ ಮೇಲಿರಲಿಲ್ಲ. ಕಾಫಿ ಲೋಟ ಹಿಡಿದವರು, ನಾಯಿಯ ಹಗ್ಗ ಹಿಡಿದವರು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡವರು, ಎಲ್ಲರೂ ಪಶ್ಚಿಮಕ್ಕೆ ಮುಖ ಮಾಡಿ ನಿಂತಿದ್ದರು.

"ಮಾವ, ಮೋಡ ಎಲ್ಲಿಗೆ ಮುಗಿದಿದೆ ನೋಡಿ" ಎಂದ ಅಕ್ಕನ ಮಗ.

ಕಣಿವೆಯ ಆ ತುದಿಯಲ್ಲಿ ಬೂದು ಮೋಡ ಪಾತ್ರೆಯ ಮೇಲೆ ತಟ್ಟೆ ಮುಚ್ಚಿದ ಹಾಗೆ ಕೂತಿತ್ತು. ನಮ್ಮ ನೆತ್ತಿಯ ಮೇಲೆ ತೊಳೆದಿಟ್ಟಂಥ ನೀಲಿ. ಎರಡರ ನಡುವೆ ದಾರ ಹಿಡಿದು ಎಳೆದಂತೆ ಒಂದು ಗೆರೆ.

"ಆ ಗೆರೆ ಅಲ್ಲೇ ಇದ್ದರೆ ನಮಗೆ ಹಬ್ಬ. ಇಲ್ಲಿಗೇ ಬಂದುಬಿಟ್ಟರೆ ಗಾಳಿ ನಮ್ಮನ್ನು ದಾಟಿ ಪೂರ್ವಕ್ಕೆ ಹೋಗುತ್ತೆ, ಅದರ ಹಿಂದೆ ಕಾರು ಓಡಿಸಬೇಕು. ಪೂರ್ತಿ ಮಾಯ ಆದರೆ ಇವತ್ತಿಗೆ ಆಟ ಇಲ್ಲ."

ಪೋರ್ಟ್‌ಲೆಂಡ್ ಪಕ್ಕದ ಹಿಲ್ಸ್‌ಬರೊದಲ್ಲಿ ಚಿಪ್ ಎಂಜಿನಿಯರ್ ಅವನು. ಆ ಕಡೆ ನೆಲೆಸಿದ ಕನ್ನಡದ ಹುಡುಗರ ಹಾಗೆ ಬಂದ ಹೊಸದರಲ್ಲಿ ಅವನೂ ವಾರಾಂತ್ಯಕ್ಕೆ ಜಲಪಾತ ನೋಡಲು ಬರುತ್ತಿದ್ದ. ಒಮ್ಮೆ ವಿಂಡ್‌ಸರ್ಫಿಂಗ್ ಹಲಗೆಯ ಮೇಲೆ ನಿಂತು, ಹಾಯಿ ಹಿಡಿದು ನೀರಿಗಿಳಿದವನು ಆಮೇಲೆ ಜಲಪಾತದ ಕಡೆ ತಿರುಗಲಿಲ್ಲ. ಫೋನಿನಲ್ಲಿ ಆ ದಿನದ ಸ್ಥಳೀಯ ಗಾಳಿ ಮುನ್ಸೂಚನೆ ತೋರಿಸಿದ. ಬೆಳಗ್ಗೆ ಸಾಧಾರಣ, ಹತ್ತರ ನಂತರ ಮಂಕು, ಮಧ್ಯಾಹ್ನ ನಾಲ್ಕಕ್ಕೆ ಮತ್ತೆ ಏಳುತ್ತದೆ, ಗಂಟೆಗೆ 24ರಿಂದ 28 ಮೈಲಿ, ಅಂದರೆ ಹತ್ತಿರ ಹತ್ತಿರ 40ರಿಂದ 45 ಕಿಲೋಮೀಟರು.

ನಾಲ್ಕು ಗಂಟೆಗೆ! ಇಷ್ಟು ಖಚಿತವಾಗಿ ಗಾಳಿಗೆ ಸಮಯ ಕೊಟ್ಟದ್ದನ್ನು ನಾನು ಕಂಡಿರಲಿಲ್ಲ. ಬರುತ್ತದೋ ಇಲ್ಲವೋ ನೋಡಿಯೇ ಹೋಗೋಣ ಎಂದು ದಂಡೆಯ ಮೇಲೆ ಕೂತೆ.

ಅದೇ ಹೊತ್ತಿಗೆ ಊರಲ್ಲಿ ಆಷಾಢ. ನಾವು ಬೆಳೆದದ್ದು ದೊಡ್ಡಬಳ್ಳಾಪುರದಲ್ಲಿ. ಬೇರೆ ಕಡೆಯವರು ಸಂಕ್ರಾಂತಿಗೆ ಹಾರಿಸುವ ಗಾಳಿಪಟವನ್ನು ನಮ್ಮ ಸೀಮೆಯವರು ಹಾರಿಸುವುದು ಆಷಾಢದಲ್ಲಿ. ಯಾಕೆಂದು ಹುಡುಗರಾಗಿದ್ದಾಗ ಕೇಳಿದವರಲ್ಲ, ಆಗ ಗಾಳಿ ಇರುತ್ತದೆ, ಅಷ್ಟೆ. ಬಾಲಂಗೋಚಿ ಎಷ್ಟುದ್ದ ಕಟ್ಟಬೇಕೆಂದು ತೀರ್ಮಾನಿಸಲು ತೆಂಗಿನ ಗರಿಯ ಕಡೆ ಒಂದು ಸಲ ಕತ್ತೆತ್ತಿ ನೋಡುತ್ತಿದ್ದೆವು. ಭೂಮಿಯ ಇನ್ನೊಂದು ಮಗ್ಗುಲಲ್ಲಿ ದೊಡ್ಡವರು ಅದೇ ಕೆಲಸವನ್ನು ಎಷ್ಟು ಶ್ರದ್ಧೆಯಿಂದ, ಎಷ್ಟು ಆಳಕ್ಕಿಳಿದು ಮಾಡುತ್ತಿದ್ದಾರೆಂದು ತಿಳಿದದ್ದು ಆ ದಿನ.

ಗೋಡೆಗೊಂದು ಕಂಡಿ

ಅಮೆರಿಕದ ಪಶ್ಚಿಮ ಕರಾವಳಿಗೆ ಸಮಾನಾಂತರವಾಗಿ ಉತ್ತರ ದಕ್ಷಿಣ ಹಬ್ಬಿರುವುದು ಕ್ಯಾಸ್ಕೇಡ್ ಪರ್ವತಸಾಲು. ನಮ್ಮ ಸಹ್ಯಾದ್ರಿಯ ಹಾಗೆ ಕಡಲಿನ ತೇವವನ್ನೆಲ್ಲ ತನ್ನ ಪಶ್ಚಿಮ ಮಗ್ಗುಲಲ್ಲೇ ಸುರಿಸಿಕೊಳ್ಳುವ ಗೋಡೆ ಅದು. ಹುಡ್ ರಿವರ್‌ನ ಬೆನ್ನಿಗೇ ಇರುವ ಮೌಂಟ್ ಹುಡ್ ಶಿಖರದ ಎತ್ತರ 3,429 ಮೀಟರ್.

ಈ ಗೋಡೆಯನ್ನು ಹೆಚ್ಚುಕಡಿಮೆ ಸಮುದ್ರಮಟ್ಟದಲ್ಲೇ ಸೀಳಿಕೊಂಡು ಪೆಸಿಫಿಕ್ ಸೇರುವ ನದಿ ಕೊಲಂಬಿಯಾ. ಅದು ಕೊರೆದ ಕಣಿವೆ ಸುಮಾರು 130 ಕಿ.ಮೀ. ಉದ್ದ, ಕೆಲವೆಡೆ 1,200 ಮೀಟರ್ ಆಳ. ಉತ್ತರದ ದಂಡೆ ವಾಷಿಂಗ್ಟನ್ ರಾಜ್ಯಕ್ಕೆ, ದಕ್ಷಿಣದ ದಂಡೆ ಓರೆಗಾನ್‌ಗೆ ಸೇರಿದ್ದು.

ಕಣಿವೆಯೊಳಗೆ ಕಾರಿನಲ್ಲಿ ಒಂದು ಗಂಟೆ ಪೂರ್ವಕ್ಕೆ ಹೋದರೆ ಎರಡು ದೇಶ ನೋಡಿದಂತಾಗುತ್ತದೆ. ಪಶ್ಚಿಮದ ಕ್ಯಾಸ್ಕೇಡ್ ಲಾಕ್ಸ್‌ನಲ್ಲಿ ವರ್ಷಕ್ಕೆ ಸುಮಾರು 1,900 ಮಿಲಿಮೀಟರ್ ಮಳೆ. ಅಲ್ಲಿಂದ 65 ಕಿ.ಮೀ. ದೂರದ ದ ಡಾಲ್ಸ್ ಎಂಬ ಊರಿನಲ್ಲಿ 400 ಮಿಲಿಮೀಟರೂ ಬೀಳುವುದಿಲ್ಲ. ಪಾಚಿ ಹಿಡಿದ ಕಾಡು ನೋಡನೋಡುತ್ತ ಒಣಹುಲ್ಲಿನ ಬೋಳುಗುಡ್ಡವಾಗುತ್ತದೆ. ತೀರ್ಥಹಳ್ಳಿಯಲ್ಲಿ ಕೊಡೆ ಬಿಚ್ಚಿದವನು ಅದನ್ನು ಮಡಿಸುವಷ್ಟರಲ್ಲಿ ಚಳ್ಳಕೆರೆಯಲ್ಲಿದ್ದ ಹಾಗೆ.

ಬೇಸಿಗೆಯಲ್ಲಿ ಪೆಸಿಫಿಕ್‌ನ ತಣ್ಣನೆಯ ನೀರಿನ ಮೇಲಿನ ಗಾಳಿ ತಂಪಾಗಿ, ಭಾರವಾಗಿ ಪೋರ್ಟ್‌ಲೆಂಡ್ ಕಡೆಯ ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ. ಬೆಟ್ಟದಾಚೆಯ ಒಣ ಬಯಲು ಅದೇ ಹೊತ್ತಿಗೆ 38 ಡಿಗ್ರಿ ಕಾದಿರುತ್ತದೆ. ಅಲ್ಲಿನ ಗಾಳಿ ಹಗುರಾಗಿ ಮೇಲೇರಿ, ಒತ್ತಡ ಇಳಿಯುತ್ತದೆ. ಈಚೆ ಭಾರದ ಗಾಳಿ, ಆಚೆ ಹಗುರ ಗಾಳಿ, ನಡುವೆ ಗೋಡೆ. ಗೋಡೆ ಹತ್ತಲಾರದ ತಂಪುಗಾಳಿಗೆ ಇರುವುದು ಒಂದೇ ಕಂಡಿ.

ಇದನ್ನು ವಿವರಿಸುವಾಗ ಎಲ್ಲರೂ ಆಲಿಕೆಯ ಹೋಲಿಕೆ ಕೊಡುತ್ತಾರೆ: ಅಗಲ ಬಾಯಿಂದ ಇಕ್ಕಟ್ಟಿಗೆ ನುಗ್ಗಿದ ಗಾಳಿ ಜೋರಾಗುತ್ತದಂತೆ. ನನಗೂ ಹಾಗೇ ಹೇಳಿದರು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಹವಾಮಾನ ವಿಜ್ಞಾನಿ ಕ್ಲಿಫ್ ಮ್ಯಾಸ್ ತಮ್ಮ ಸಂಗಡಿಗರೊಂದಿಗೆ ಈ ಕಣಿವೆಯ ಗಾಳಿಯನ್ನು ಅಳೆದು, ಗಣಕದಲ್ಲಿ ಮರುಸೃಷ್ಟಿಸಿ ನೋಡಿದಾಗ ಕಂಡದ್ದು ಬೇರೆ. ಗಾಳಿಯನ್ನು ಓಡಿಸುವುದು ಎರಡು ತುದಿಗಳ ಒತ್ತಡದ ಅಂತರ. ಇಳಿಜಾರಿನಲ್ಲಿ ಬಿಟ್ಟ ಗಾಡಿಯ ಹಾಗೆ ಅದು ಕಣಿವೆಯುದ್ದಕ್ಕೂ ವೇಗ ಕೂಡಿಸಿಕೊಳ್ಳುತ್ತ ಹೋಗುತ್ತದೆ. ಹಾಗಾಗಿ ತೀರಾ ಇಕ್ಕಟ್ಟಾದ ಜಾಗಕ್ಕಿಂತ ಹೊರಬೀಳುವ ತುದಿಯ ಕಡೆಗೇ ಅದರ ಅಬ್ಬರ ಹೆಚ್ಚು.

ಎರಡು ಊರಿನ ಲೆಕ್ಕ

ಹುಡ್ ರಿವರ್‌ನ ಹಾಯಿಯವರಿಗೆ ಬಾಯಿಪಾಠ ಇರುವ ಅಂಕಿ ಒಂದೇ: ಪೋರ್ಟ್‌ಲೆಂಡ್ ವಿಮಾನ ನಿಲ್ದಾಣದ ವಾಯುಭಾರದಿಂದ ದ ಡಾಲ್ಸ್ ವಿಮಾನ ನಿಲ್ದಾಣದ ವಾಯುಭಾರ ಕಳೆದರೆ ಉಳಿಯುವುದೆಷ್ಟು?

ಪಶ್ಚಿಮದಲ್ಲಿ 1,016 ಮಿಲಿಬಾರ್, ಪೂರ್ವದಲ್ಲಿ 1,012 ಇದೆ ಎಂದಿಟ್ಟುಕೊಳ್ಳಿ. ನಾಲ್ಕು ಉಳಿಯಿತು. ಒಟ್ಟು ಒತ್ತಡದಲ್ಲಿ ಇದು ಸಾವಿರದಲ್ಲಿ ನಾಲ್ಕು ಪಾಲು, ನಮ್ಮ ಕಿವಿಗೂ ಗೊತ್ತಾಗುವುದಿಲ್ಲ. ಆದರೆ ಆ ನಾಲ್ಕು ನದಿಯ ಮೇಲೆ ನೊರೆ ಎಬ್ಬಿಸುತ್ತದೆ. ಅಂಕಿ ಧನವಾಗಿದ್ದರೆ ಪಶ್ಚಿಮದ ಗಾಳಿ, ಋಣಕ್ಕೆ ಇಳಿದರೆ ಪೂರ್ವದ ಗಾಳಿ. ಸೊನ್ನೆಗೆ ಬಂದರೆ ಊರಿನ ಕಾಫಿ ಅಂಗಡಿಗಳು ತುಂಬುತ್ತವೆ.

ಇಷ್ಟೇ ಆಗಿದ್ದರೆ ಕೂಡಿ ಕಳೆಯಲು ಬರುವ ಯಾರಾದರೂ ಮುನ್ಸೂಚನೆ ಬರೆಯಬಹುದಿತ್ತು. ಕಣಿವೆಯೊಳಗೆ ಈ ಗಾಳಿ ಎಲ್ಲಿ ನೆಲಕ್ಕಿಳಿಯುತ್ತದೆ, ಯಾವ ಹೊತ್ತಿಗೆ ಇಳಿಯುತ್ತದೆ ಎಂಬುದೇ ಕಷ್ಟದ ಮಾತು. ಆಗ ಮೋಡದ ಆ ಗೆರೆ ಬೇಕಾಗುತ್ತದೆ.

ತಂಪುಗಾಳಿಯ ಪದರ ಎಷ್ಟು ದಪ್ಪ ಇದೆಯೆಂಬುದನ್ನು ಮೋಡ ಹೇಳುತ್ತದೆ. ಪದರ ತೆಳುವಾಗಿದ್ದರೆ ಕಣಿವೆಯ ಬಾಯಲ್ಲೇ ನಿಲ್ಲುತ್ತದೆ. ಹದವಾಗಿದ್ದರೆ ಮೋಡ ಕ್ಯಾಸ್ಕೇಡ್ ಲಾಕ್ಸ್ ಸುತ್ತ ಮುಗಿದು, ಅಲ್ಲಿಂದಾಚೆ ಬಿಸಿಲು ಬಿದ್ದ ಹುಡ್ ರಿವರ್‌ನಲ್ಲಿ ಗಾಳಿ ಭರ್ಜರಿಯಾಗುತ್ತದೆ. ತೀರಾ ದಪ್ಪವಾದರೆ ಮೋಡ ಊರನ್ನೇ ಮುಚ್ಚಿ, ಬಿಸಿಲು ತಂಪಿನ ಗಡಿ ಪೂರ್ವಕ್ಕೆ ಸರಿಯುತ್ತದೆ. ಗಾಳಿಯೂ ಅದರ ಬೆನ್ನು ಹತ್ತುತ್ತದೆ. ಆಗ ಜನ ಹಾಯಿ ಹೇರಿಕೊಂಡು ರೂಫಸ್‌ಗೋ ಆರ್ಲಿಂಗ್ಟನ್‌ಗೋ ನೂರು ಕಿ.ಮೀ. ಓಡಿಸುತ್ತಾರೆ.

ಮಧ್ಯಾಹ್ನದ್ದು ಇನ್ನೊಂದು ತೊಡಕು. ಬಿಸಿಲೇರಿ ಮೋಡ ಕರಗುತ್ತಿರುವಾಗ ಪಶ್ಚಿಮವೂ ಬೆಚ್ಚಗಾಗಿ ಅಂತರ ಕುಗ್ಗುತ್ತದೆ, ಗಾಳಿ ಕೈಬಿಡುತ್ತದೆ. ಪೂರ್ವದ ಬಯಲು ಇನ್ನಷ್ಟು ಕಾದಮೇಲೆ ಮತ್ತೆ ಚೇತರಿಸಿಕೊಳ್ಳುತ್ತದೆ. ನಾನು ಕಾಯುತ್ತಿದ್ದದ್ದು ಆ ಎರಡನೆಯ ಸರದಿಗೆ.

[ಬಾಕ್ಸ್] ಮರಗಳೇ ಬರೆದಿಟ್ಟ ದಾಖಲೆ

ಕಣಿವೆಯ ಗಾಳಿಗೆ ಯಂತ್ರವಿಲ್ಲದೆಯೂ ಸಾಕ್ಷಿ ಇದೆ. ಪೂರ್ವಭಾಗದ ಮರಗಳ ಕೊಂಬೆಗಳೆಲ್ಲ ಬಾವುಟದಂತೆ ಪೂರ್ವಕ್ಕೆ ಬಾಗಿವೆ: ಚಿಗುರುವ ಕಾಲದಲ್ಲಿ ಪಶ್ಚಿಮದ ಒಣಗಾಳಿ ತೀಡಿದ್ದರ ಗುರುತು. ಪಶ್ಚಿಮ ತುದಿಯ ಮರಗಳು ಇದಕ್ಕೆ ತದ್ವಿರುದ್ಧವಾಗಿ ಪಶ್ಚಿಮಕ್ಕೆ ಬಾಗಿವೆ: ಚಳಿಗಾಲದಲ್ಲಿ ಪೂರ್ವದಿಂದ ಬರುವ ಹಿಮಗಾಳಿ ಒಂದು ಮಗ್ಗುಲಿನ ಕೊಂಬೆಗಳನ್ನು ಕೊಂದಿದ್ದರ ಗುರುತು. ಸಸ್ಯವಿಜ್ಞಾನಿ ಡೊನಾಲ್ಡ್ ಲಾರೆನ್ಸ್ 1939ರಲ್ಲೇ ಈ ಓರೆಮರಗಳ ಬಗ್ಗೆ ವಿವರವಾದ ಅಧ್ಯಯನ ಪ್ರಕಟಿಸಿದರು.

ಫೋನಿಗೆ ಕಾಣದ ಕಣಿವೆ

ಹತ್ತು ಗಂಟೆ. ಹೇಳಿದಂತೆಯೇ ಗಾಳಿ ಬಿದ್ದುಹೋಯಿತು. ದಂಡೆಯ ಕಂಬದ ತುದಿಯ ಬಟ್ಟೆ ಜೋತುಬಿತ್ತು. ನನ್ನ ಫೋನಿನಲ್ಲಿದ್ದ ಸಾಮಾನ್ಯ ಹವಾಮಾನ ಆ್ಯಪ್ ತೆರೆದೆ. ದಿನವಿಡೀ ಮಂದಗಾಳಿ, ಸಂಜೆಗೂ ಅಷ್ಟೇ ಎಂದಿತ್ತು.

"ಅದಕ್ಕೆ ಈ ನದಿ ಇರೋದೇ ಗೊತ್ತಿಲ್ಲ ಮಾವ" ಎಂದ. ಮಾತು ಅಕ್ಷರಶಃ ನಿಜ.

ಜಗತ್ತನ್ನೆಲ್ಲ ಲೆಕ್ಕಹಾಕುವ ಹವಾಮಾನ ಮಾದರಿಗಳು ಭೂಮಿಯನ್ನು ಚೌಕಗಳಾಗಿ ಕತ್ತರಿಸುತ್ತವೆ. ಅಮೆರಿಕದ ಜಾಗತಿಕ ಮಾದರಿ ಜಿಎಫ್‌ಎಸ್‌ನಲ್ಲಿ ಒಂದು ಚೌಕ ಸುಮಾರು 13 ಕಿ.ಮೀ., ಯುರೋಪಿನದರಲ್ಲಿ 9. ಕಣಿವೆಯ ತಳ ಹಲವೆಡೆ ಎರಡು ಮೂರು ಕಿ.ಮೀ. ಅಗಲವೂ ಇಲ್ಲ. ಒಂದೇ ಚೌಕದೊಳಗೆ ನದಿಯೂ ಸಾವಿರ ಮೀಟರಿನ ಬೆಟ್ಟವೂ ಬಂದಾಗ ಗಣಕ ಎರಡನ್ನೂ ಕಲಸಿ ಸರಾಸರಿ ಎತ್ತರದ ಗುಡ್ಡವೊಂದನ್ನು ಮಾಡಿಬಿಡುತ್ತದೆ. ಗೋಡೆಯ ಕಂಡಿಗೆ ಗಾರೆ ಮೆತ್ತಿದ ಹಾಗೆ. ಕಂಡಿಯೇ ಇಲ್ಲದ ಮೇಲೆ ಗಾಳಿ ಎಲ್ಲಿಂದ?

ಅಮೆರಿಕದ ಹವಾಮಾನ ಸಂಸ್ಥೆ 2014ರಿಂದ ಬಳಸುತ್ತಿರುವ ಎಚ್‌ಆರ್‌ಆರ್‌ಆರ್ ಮಾದರಿಯ ಚೌಕ 3 ಕಿ.ಮೀ.ನದು, ಗಂಟೆಗೊಮ್ಮೆ ಹೊಸ ಲೆಕ್ಕ. ಇದಕ್ಕೆ ಕಣಿವೆ ಕಾಣುತ್ತದೆ, ಆದರೂ ಮಂಜಾದ ಕನ್ನಡಕದಲ್ಲಿ ಕಂಡಂತೆ. ದಡದ ತಿರುವು, ನಡುವಿನ ದಿಬ್ಬ, ಸುಳಿ ಹುಟ್ಟಿಸುವ ಬಂಡೆ ಇವು ಯಾವುವೂ ಅದರ ಲೆಕ್ಕಕ್ಕೆ ಬರುವುದಿಲ್ಲ. ತಂಪುಗಾಳಿಯ ಪದರವನ್ನು ಬೇಗ ಕರಗಿಸಿಬಿಡುವ ಚಾಳಿಯೂ ಇಂಥ ಮಾದರಿಗಳಿಗಿತ್ತು.

ಇದನ್ನು ಸರಿಪಡಿಸಲು ಹಣ ಬಂದದ್ದು ಆಟಗಾರರಿಂದಲ್ಲ, ವಿದ್ಯುತ್ತಿನಿಂದ. ಕಣಿವೆಯ ಪೂರ್ವಕ್ಕಿರುವ ಗುಡ್ಡಗಳ ಮೇಲೆ ಸಾಲು ಸಾಲು ಗಾಳಿಯಂತ್ರಗಳಿವೆ. ಗಾಳಿ ಒಂದು ಗಂಟೆ ಮೊದಲೇ ನಿಂತರೆ ವಿದ್ಯುತ್ ಜಾಲ ನಡೆಸುವವರು ಅಷ್ಟು ವಿದ್ಯುತ್ತನ್ನು ಬೇರೆಡೆಯಿಂದ ತರಬೇಕು. ಅಮೆರಿಕದ ಇಂಧನ ಇಲಾಖೆ ಮತ್ತು ಹವಾಮಾನ ವಿಜ್ಞಾನಿಗಳು 2015ರ ಅಕ್ಟೋಬರ್‌ನಿಂದ 2017ರ ಮಾರ್ಚ್‌ವರೆಗೆ, ಹದಿನೆಂಟು ತಿಂಗಳು, ಈ ಕಣಿವೆಯುದ್ದಕ್ಕೂ ಲೇಸರ್, ಧ್ವನಿ, ರೇಡಾರ್ ಉಪಕರಣಗಳನ್ನು ನೆಟ್ಟು ಗಾಳಿಯನ್ನು ಅಳೆದರು. ಅಲ್ಲಿ ಕಲಿತದ್ದು ಎಚ್‌ಆರ್‌ಆರ್‌ಆರ್ ಮಾದರಿಯೊಳಕ್ಕೆ ಹೋಯಿತು. ವಿದ್ಯುತ್ ಜಾಲದ ಎಂಜಿನಿಯರೂ ಹಾಯಿ ಹಿಡಿದ ಹುಡುಗನೂ ಬೆಳಗ್ಗೆ ಎದ್ದು ನೋಡುವುದು ಈಗ ಒಂದೇ ಅಂಕಿಯನ್ನು.

ಉಳಿದ ಅಂತರವನ್ನು ತುಂಬುವವರು ಸ್ಥಳೀಯ ಮುನ್ಸೂಚಕರು. ಬೆಳಗಿನ ಜಾವ ಎದ್ದು ನಾಲ್ಕೈದು ಮಾದರಿಗಳ ಲೆಕ್ಕವನ್ನು ಪಕ್ಕಪಕ್ಕ ಇಟ್ಟುಕೊಳ್ಳುತ್ತಾರೆ. ಯಾವುದಕ್ಕೆ ಯಾವ ಕೊರತೆ ಎಂದು ಅವರಿಗೆ ಗೊತ್ತು: ಇದು ಪಶ್ಚಿಮದ ಗಾಳಿಯನ್ನು ಕಡಿಮೆ ಹೇಳುತ್ತದೆ, ಅದು ಮಧ್ಯಾಹ್ನದ ಮಂಕನ್ನು ಮರೆಯುತ್ತದೆ. ಆಮೇಲೆ ಒತ್ತಡದ ಅಂತರ, ಕಣಿವೆಯುದ್ದಕ್ಕೂ ಕಂಬಗಳ ಮೇಲಿರುವ ಗಾಳಿಮಾಪಕಗಳು, ಮೋಡದ ಅಂಚನ್ನು ತೋರಿಸುವ ಕ್ಯಾಮೆರಾಗಳು, ಉಪಗ್ರಹದ ಚಿತ್ರ. ಕೊನೆಗೆ ತಾವೇ ನೀರಿಗಿಳಿದು ಕಂಡ ನೂರಾರು ದಿನಗಳ ನೆನಪು. ಇಷ್ಟನ್ನೂ ಹಿಂಡಿ ನಾಲ್ಕು ಸಾಲು ಬರೆಯುತ್ತಾರೆ. ಯಾವ ದಡ, ಯಾವ ಹೊತ್ತು, ಎಷ್ಟು ಮೈಲಿ.

ನನಗೆ ತುಂಬ ಹಿಡಿಸಿದ ಸಂಗತಿಯೊಂದಿದೆ. ಆ ಬರಹಗಳಲ್ಲಿ ಅನುಮಾನವನ್ನೂ ಬರೆದಿರುತ್ತಾರೆ. ಎರಡು ಮಾದರಿಗಳು ಒಪ್ಪುತ್ತಿಲ್ಲ, ನಾನು ಇದನ್ನು ನಂಬುತ್ತಿದ್ದೇನೆ, ಕಾರಣ ಇದು, ಎಂದು. ಓದುವವನು ಆ ಕಾರಣವನ್ನು ತೂಗಿ ನೋಡಿ ಹೊರಡಬಹುದು. ಇಂಥ ಪ್ರಾಮಾಣಿಕತೆಗೆ ನಾನು ಮನಸಾರೆ ಗೌರವ ಕೊಡುತ್ತೇನೆ.

ಊರಮಟ್ಟದ ಹವಾಮಾನದ ಬೆಲೆ ಕರ್ನಾಟಕಕ್ಕೆ ಗೊತ್ತಿಲ್ಲದ್ದೇನಲ್ಲ. ನಮ್ಮ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಹೋಬಳಿಗೊಂದು ಹವಾಮಾನ ಕೇಂದ್ರ, ಗ್ರಾಮ ಪಂಚಾಯಿತಿಗೊಂದು ಮಳೆಮಾಪಕ ಇಟ್ಟಿದೆ. 'ವರುಣಮಿತ್ರ' ಸಹಾಯವಾಣಿಗೆ ರೈತರು ರಾತ್ರಿ ಹಗಲೆನ್ನದೆ ಫೋನ್ ಮಾಡಿ ಮಳೆ ಕೇಳುತ್ತಾರೆ. ದೇಶದಲ್ಲೇ ಮೊದಲ ಸಾಲಿನ ಕೆಲಸ ಅದು. ಅಂಕಿಗಳು ನಮ್ಮಲ್ಲೂ ಇವೆ. ಆ ಅಂಕಿಗಳ ಪಕ್ಕದಲ್ಲಿ ಕೂತು, ತನ್ನ ಹೋಬಳಿಯ ಗುಡ್ಡ ಕೆರೆಗಳನ್ನು ಬಲ್ಲವನೊಬ್ಬ ದಿನವೂ ನಾಲ್ಕು ಸಾಲು ಬರೆಯುವುದನ್ನು ಕಾಣಲು ನನಗೆ ಆಸೆ.

ಐದು ಮೈಲಿಯ ಅಂತರ

ಗಂಟೆಗೆ ಐದು ಮೈಲಿ ಹೆಚ್ಚು ಕಡಿಮೆಯಾದರೆ ಏನು ಮಹಾ? ಈ ಪ್ರಶ್ನೆ ಕೇಳಿದ್ದಕ್ಕೆ ಅಳಿಯ ವ್ಯಾನಿನಿಂದ ಹಾಯಿಗಳನ್ನು ಒಂದೊಂದಾಗಿ ತೆಗೆದು ಹುಲ್ಲಿನ ಮೇಲೆ ಹಾಸಿದ. 5.7 ಚದರ ಮೀಟರ್, 5.0, 4.2, 3.5.

ಗಾಳಿಯ ಒತ್ತು ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 20 ಮೈಲಿಯ ಗಾಳಿ 30ಕ್ಕೆ ಏರಿದರೆ ವೇಗ ಒಂದೂವರೆ ಪಟ್ಟು, ಎಳೆತ ಎರಡೂಕಾಲು ಪಟ್ಟು. 20ಕ್ಕೆಂದು ಕಟ್ಟಿದ ಹಾಯಿಯೊಡನೆ 30ರಲ್ಲಿ ಸಿಕ್ಕಿಕೊಂಡರೆ ಹಲಗೆ ಕಾಲಡಿಯಿಂದ ಹಾರಿಹೋಗುತ್ತದೆ. 30ಕ್ಕೆಂದು ಕಟ್ಟಿದ್ದನ್ನು 20ರಲ್ಲಿ ಹಿಡಿದರೆ ನದಿಯ ನಡುವೆ ಮುಳುಗುತ್ತ ನಿಲ್ಲಬೇಕು. ಹಾಗಾಗಿ ಇಲ್ಲಿ ಗಾಳಿಯನ್ನು ಮೈಲಿಯಲ್ಲಿ ಹೇಳುವವರಿಗಿಂತ ಹಾಯಿಯ ಅಳತೆಯಲ್ಲಿ ಹೇಳುವವರೇ ಹೆಚ್ಚು. 'ಇವತ್ತು 4.2ರ ದಿನ' ಎಂದರೆ ಮುಗಿಯಿತು, ಎಲ್ಲರಿಗೂ ಅರ್ಥವಾಗುತ್ತದೆ.

ಅವನು ಹಾಯಿ ಕಟ್ಟುವುದನ್ನು ಹತ್ತಿರ ಕೂತು ನೋಡಿದೆ. ಹಾಯಿಯ ಉದ್ದ ಚೀಲದಂಥ ಅಂಚಿಗೆ ಕಂಬ ತೂರಿಸಿದ. ಬುಡದ ಹಗ್ಗವನ್ನು ಕೈಗೆ ಸುತ್ತಿಕೊಂಡು, ಕಾಲು ಕೊಟ್ಟು, ಹಲ್ಲು ಕಚ್ಚಿ ಎಳೆದ. ಕಂಬ ಬಿಲ್ಲಿನಂತೆ ಬಾಗಿತು. ಹಾಯಿಯ ಹೊಟ್ಟೆ ಬಿಗಿಯಾಯಿತು, ಮೇಲಿನ ಅಂಚು ಮಾತ್ರ ಸಡಿಲವಾಗಿ ಜೋತಿತು. ನಾನು ಅಲ್ಲಿ ಸರಿಯಾಗಿ ಕಟ್ಟಿಲ್ಲವೆಂದುಕೊಂಡೆ.

"ಅದು ಹಾಗೇ ಇರಬೇಕು. ಬೀಸು ಜೋರಾದಾಗ ಹೆಚ್ಚಿನ ಗಾಳಿ ಅಲ್ಲಿಂದ ಚೆಲ್ಲಿಹೋಗಲಿ ಅಂತ."

ನಮ್ಮ ಗಾಳಿಪಟದ ಸೂತ್ರವೂ ಇದೇ. ಮೇಲಿನ ದಾರ ಒಂದು ಬೆರಳು ಗಿಡ್ಡ ಕಟ್ಟಿದರೆ ಪಟ ಜೋರುಗಾಳಿಯಲ್ಲೂ ನಿಲ್ಲುತ್ತದೆ. ಒಂದು ಬೆರಳು ಉದ್ದವಾದರೆ ದಾರ ಕಿತ್ತುಕೊಳ್ಳುತ್ತದೆ.

[ಬಾಕ್ಸ್] ಬೋಯಿಂಗ್ ಅಪ್ಪ, ಗಾಳಿಪಟದ ಮಗ

ಗಾಳಿಪಟಕ್ಕೆ ತನ್ನನ್ನು ಕಟ್ಟಿಕೊಂಡು ನೀರಿನ ಮೇಲೆ ಜಾರುವ ಕೈಟ್‌ಬೋರ್ಡಿಂಗ್‌ನ ಬೇರುಗಳಲ್ಲೊಂದು ಈ ಕಣಿವೆಯಲ್ಲಿದೆ. ಬೋಯಿಂಗ್ ಕಂಪನಿಯ ವಾಯುಚಲನ ತಜ್ಞ ಬಿಲ್ ರೋಸ್ಲರ್ ಮತ್ತು ಅವರ ಮಗ ಕೋರಿ ಸೇರಿ 'ಕೈಟ್‌ಸ್ಕೀ' ರೂಪಿಸಿದರು. ಅದು 1990ರ ದಶಕದಲ್ಲಿ ಮಾರುಕಟ್ಟೆಗೆ ಬಂತು. ಇಂದು ಹುಡ್ ರಿವರ್‌ನಲ್ಲಿ ಕೈಟ್ ಏರಿಸುವ ಮರಳುದಿಬ್ಬದ ಕಥೆಯೂ ಸೋಜಿಗದ್ದು. 2006ರ ನವೆಂಬರ್‌ನ ಭಾರಿ ಮಳೆಗೆ ಮೌಂಟ್ ಹುಡ್‌ನ ಮಣ್ಣು ಕಲ್ಲುಗಳು ಕೊಚ್ಚಿಬಂದು ಹುಡ್ ಎಂಬ ಉಪನದಿಯ ಮುಖದಲ್ಲಿ ರಾಶಿಬಿದ್ದವು. ಒಂದೇ ಮಳೆಗೆ ಆಟಗಾರರಿಗೆ ಹೊಸ ಅಂಗಳ ಸಿಕ್ಕಿತು.

ನದಿ ಅತ್ತ, ಗಾಳಿ ಇತ್ತ

ಜೋರುಗಾಳಿ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲವೇ? ಇದೆ. ಇಲ್ಲಿಗೇ ಜನ ಮುಗಿಬೀಳುವುದಕ್ಕೆ ಕಾರಣ ಕೊಲಂಬಿಯಾ ಪಶ್ಚಿಮಕ್ಕೆ ಹರಿಯುತ್ತದೆ, ಬೇಸಿಗೆಯ ಗಾಳಿ ಪೂರ್ವಕ್ಕೆ ಬೀಸುತ್ತದೆ ಎನ್ನುವುದು.

ಎದುರುಬದುರಾದಾಗ ನೀರು ಎದ್ದು ನಿಲ್ಲುತ್ತದೆ. ಸಮುದ್ರದಿಂದ ಬಹುದೂರದ ಒಳನಾಡಿನಲ್ಲಿ ಆಳೆತ್ತರದ ಅಲೆಗಳು! ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿದೆ. ಹಾಯಿ ಹಿಡಿದವನನ್ನು ಗಾಳಿ ಸದಾ ಪೂರ್ವಕ್ಕೆ ತಳ್ಳುತ್ತಿರುತ್ತದೆ, ಹರಿವು ಅಷ್ಟೇ ಸದ್ದಿಲ್ಲದೆ ಪಶ್ಚಿಮಕ್ಕೆ ಮರಳಿಸುತ್ತಿರುತ್ತದೆ. ಓರೆಗಾನ್ ದಂಡೆಯಿಂದ ವಾಷಿಂಗ್ಟನ್ ದಂಡೆಗೆ ಹೋಗಿ ಬಂದರೆ ಹೊರಟ ಜಾಗಕ್ಕೇ ಬಂದು ಸೇರಬಹುದು.

ಗಾಳಿ ಏಕಾಏಕಿ ಸತ್ತರೆ ಇದೇ ಉಪಕಾರ ಉಪದ್ರವವಾಗುತ್ತದೆ. ಹಾಯಿ ನೀರಿನ ಮೇಲೆ ಮಲಗುತ್ತದೆ, ಹರಿವು ಮನುಷ್ಯನನ್ನು ಎಳೆದೊಯ್ಯುತ್ತದೆ. ಇದು ಗೋಧಿ ಹೊತ್ತ ಭಾರಿ ದೋಣಿಗಳು ಓಡಾಡುವ ಹಡಗುದಾರಿ. ಅವಕ್ಕೆ ಬ್ರೇಕಿಲ್ಲ, ತಿರುಗಲು ಜಾಗವಿಲ್ಲ. ಮೇ ಜೂನ್‌ನಲ್ಲಿ ಹಿಮ ಕರಗಿದ ನೀರು ಮೈ ಮರಗಟ್ಟಿಸುತ್ತದೆ. ಹಾಗಾಗಿ ಗಾಳಿ ಎಷ್ಟಕ್ಕೆ ಏಳುತ್ತದೆ ಎಂಬುದರಷ್ಟೇ ಮುಖ್ಯ ಎಷ್ಟಕ್ಕೆ ಬೀಳುತ್ತದೆ ಎಂಬುದು. ಒಳ್ಳೆಯ ಮುನ್ಸೂಚಕರು ಅದನ್ನೂ ಬರೆಯುತ್ತಾರೆ. ನದಿಯ ಹರಿವು, ನೀರಿನ ತಾಪಮಾನ ಎರಡನ್ನೂ ಕೊನೆಯ ಸಾಲಿನಲ್ಲಿ ಸೇರಿಸುತ್ತಾರೆ.

ನಾಟಾ ಮರದ ವ್ಯಾಪಾರ ಕುಸಿದು ಬಡವಾಗಿದ್ದ ಹುಡ್ ರಿವರ್‌ಗೆ 1980ರ ದಶಕದಲ್ಲಿ ವಿಂಡ್‌ಸರ್ಫಿಂಗ್ ಜೀವ ಕೊಟ್ಟಿತು. ಅಣೆಕಟ್ಟುಗಳು ನದಿಯನ್ನು ಅಗಲ ಮಾಡಿದ್ದು ಆಟಕ್ಕೆ ಅನುಕೂಲವಾಯಿತು. ಊರಿನ ಮುಂದಿರುವುದು 1938ರಲ್ಲಿ ಕೆಲಸ ಆರಂಭಿಸಿದ ಬೊನೆವಿಲ್ ಅಣೆಕಟ್ಟಿನ ಹಿನ್ನೀರು. ಆದರೆ ಆ ಅನುಕೂಲಕ್ಕೆ ಬೆಲೆ ತೆತ್ತವರು ಬೇರೆಯವರು. ದ ಡಾಲ್ಸ್ ಬಳಿಯ ಅಣೆಕಟ್ಟು 1957ರ ಮಾರ್ಚ್ 10ರಂದು ಸೆಲೈಲೊ ಜಲಪಾತವನ್ನು ಮುಳುಗಿಸಿತು. ಸಾವಿರಾರು ವರ್ಷಗಳಿಂದ ಮೂಲನಿವಾಸಿಗಳು ಸಾಲ್ಮನ್ ಮೀನು ಹಿಡಿಯುತ್ತಿದ್ದ ಜಾಗ ಅದು. ಹಿಡಿದ ಮೀನನ್ನು ಸೀಳಿ ನೇತುಹಾಕಿ ಇದೇ ಒಣಗಾಳಿಯಲ್ಲಿ ಒಣಗಿಸಿ ಚಳಿಗಾಲಕ್ಕೆ ಇಡುತ್ತಿದ್ದರು. ಈ ಗಾಳಿಯ ಮೊದಲ ಬಳಕೆದಾರರು, ಅದರ ಮೊದಲ ಬಲ್ಲವರು ಅವರು. 1805ರ ಅಕ್ಟೋಬರ್‌ನಲ್ಲಿ ಬಂದ ಲೂಯಿಸ್ ಮತ್ತು ಕ್ಲಾರ್ಕ್ ಎಂಬ ಅನ್ವೇಷಕರ ತಂಡ ಗಾಳಿಗೆ ಅಂಜಿ ದೋಣಿಗಳನ್ನು ದಡಕ್ಕೆ ಎಳೆದುಕೊಂಡು ಕಾಯಬೇಕಾಯಿತು.

[ಬಾಕ್ಸ್] ಹೆಸರಿನಲ್ಲಿ ಗಾಳಿ

ಹುಡ್ ರಿವರ್‌ಗೆ ಪಶ್ಚಿಮದಲ್ಲಿ ವಿಯೆಂಟೊ ಎಂಬ ಉದ್ಯಾನವಿದೆ, ಹಾಯಿಯವರ ಮೆಚ್ಚಿನ ತಾಣ. ಸ್ಪ್ಯಾನಿಷ್‌ನಲ್ಲಿ ಆ ಪದಕ್ಕೆ ಗಾಳಿ ಎಂದೇ ಅರ್ಥ. ಆದರೆ ಹೆಸರು ಬಂದದ್ದು ರೈಲಿನಿಂದ: ವಿಲ್ಲಾರ್ಡ್, ಎಂಡಿಕಾಟ್, ಟಾಲ್ಮನ್ ಎಂಬ ರೈಲ್ವೆಯ ಮೂವರ ಹೆಸರಿನ ಮೊದಲ ಅಕ್ಷರಗಳನ್ನು ಜೋಡಿಸಿದ್ದು.

ದಿಕ್ಕು ತಿರುಗಿದಾಗ

ಇದೇ ಕಂಡಿ ಚಳಿಗಾಲದಲ್ಲಿ ತಿರುಗಿ ಬೀಸುತ್ತದೆ. ಪೂರ್ವದ ಬಯಲಿನಲ್ಲಿ ಹಿಮದ ತಣ್ಣನೆಯ ಗಾಳಿ ಕೆರೆ ತುಂಬಿದಂತೆ ತುಂಬಿ, ಕಣಿವೆಯ ಮೂಲಕ ಪಶ್ಚಿಮಕ್ಕೆ ಕಟ್ಟೆಯೊಡೆಯುತ್ತದೆ. ಆ ತುದಿಯ ಕ್ರೌನ್ ಪಾಯಿಂಟ್ ಎಂಬ ಬಂಡೆಯ ಮೇಲೆ ಗಂಟೆಗೆ 160 ಕಿ.ಮೀ. ದಾಟುವ ಬೀಸುಗಳಿವೆ. ಆಗ ನೀರಿಗಿಳಿಯುವವರು ಬೆರಳೆಣಿಕೆಯಷ್ಟು.

ಬೇಸಿಗೆಯಲ್ಲಿ ಪೂರ್ವದ ಗಾಳಿ ಎದ್ದರೆ ಅದು ಬೇರೆಯೇ ಭಯ. ಕಾದ ಗಾಳಿಯ ಪಟ್ಟಿ ಪರ್ವತ ದಾಟಿ ಪಶ್ಚಿಮಕ್ಕೆ ಬಂದು ಕೂತಾಗ ಒತ್ತಡದ ಲೆಕ್ಕ ತಲೆಕೆಳಗಾಗುತ್ತದೆ. 2017ರ ಸೆಪ್ಟೆಂಬರ್ 2ರಂದು ಈಗಲ್ ಕ್ರೀಕ್ ಕಣಿವೆಯಲ್ಲಿ ಹುಡುಗನೊಬ್ಬ ಎಸೆದ ಪಟಾಕಿಯಿಂದ ಬೆಂಕಿ ಹತ್ತಿತು. ಎರಡು ದಿನ ಬಿಟ್ಟು ಬೀಸಿದ ಪೂರ್ವದ ಗಾಳಿ ಅದನ್ನು ಪಶ್ಚಿಮಕ್ಕೆ ಓಡಿಸಿತು. ಕಿಡಿಗಳು ನದಿಯನ್ನೇ ದಾಟಿ ವಾಷಿಂಗ್ಟನ್ ದಂಡೆಯಲ್ಲಿ ಹೊತ್ತಿಕೊಂಡವು. ಒಟ್ಟು ಸುಟ್ಟದ್ದು ಸುಮಾರು 48 ಸಾವಿರ ಎಕರೆ. ನಾವು ಬರುವ ದಾರಿಯಲ್ಲಿ ಕರಿಗಂಬಗಳಂತೆ ನಿಂತ ಆ ಮರಗಳನ್ನು ದಾಟಿಯೇ ಬಂದೆವು. ಅಲ್ಲಿ ಕಾರಿನೊಳಗೆ ಯಾರೂ ಮಾತಾಡಲಿಲ್ಲ.

2021ರ ಜೂನ್ 28ರಂದು ಪೋರ್ಟ್‌ಲೆಂಡ್‌ನಲ್ಲೇ 46.7 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಪಶ್ಚಿಮದ ಕಡಲಗಾಳಿ ಬಾರದೆ ಆ ಸೀಮೆ ಕಾದು ಕೆಂಡವಾಗಿತ್ತು. ಕೊನೆಗೆ ಅದು ಒಳನುಗ್ಗಿದಾಗಲೇ ಜನ ಉಸಿರಾಡಿದ್ದು. ಆ ಗಾಳಿ ಯಾವಾಗ ಬರುತ್ತದೆಂದು ಅವತ್ತು ಕೇಳುತ್ತಿದ್ದವರು ಹಾಯಿಯವರು ಮಾತ್ರವಲ್ಲ.

ನಾಲ್ಕು ದಾಟಿತು

ಮೂರೂವರೆಗೆ ಜನ ಮತ್ತೆ ಸೇರತೊಡಗಿದರು. ನಾಲ್ಕಾಯಿತು. ನೀರು ಎಣ್ಣೆಯಂತೆ ನಿಶ್ಚಲ. ಆಚೆ ದಂಡೆಯಲ್ಲಿ ಗೂಡ್ಸ್ ರೈಲೊಂದು ಹೋಯಿತು, ಅದರ ಒಂದೊಂದು ಡಬ್ಬಿಯ ಪ್ರತಿಬಿಂಬವನ್ನೂ ನದಿಯಲ್ಲಿ ಎಣಿಸಬಹುದಿತ್ತು.

ನಾಲ್ಕೂಕಾಲು. ಅಳಿಯ 5.0ರ ಹಾಯಿ ಕಟ್ಟಿಟ್ಟು ಅದರ ಪಕ್ಕ ಕೂತ. ಫೋನಿನಲ್ಲಿ ಅಂತರ ಏರುತ್ತಿತ್ತು. ಎರಡೂವರೆ ಇದ್ದದ್ದು ಮೂರಾಗಿ, ಮೂರು ಚಿಲ್ಲರೆಯಾಗಿತ್ತು. "ಬರುತ್ತೆ ಮಾವ. ಒತ್ತಡ ಏರಿದೆ, ಇನ್ನು ಇಳಿಯೋದಷ್ಟೇ ಬಾಕಿ." ನನಗೆ ನಂಬಿಕೆ ಬರಲಿಲ್ಲ. ಎದೆ ಮಾತ್ರ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಹುಡುಗನ ಹಾಗೆ ಹೊಡೆದುಕೊಳ್ಳುತ್ತಿತ್ತು.

ನಾಲ್ಕು ಮೂವತ್ತೆಂಟು. ದೂರದಲ್ಲಿ, ನದಿ ತಿರುಗುವಲ್ಲಿ, ನೀರಿನ ಬಣ್ಣ ಬದಲಾಯಿತು. ಬೆಳ್ಳಗಿದ್ದದ್ದು ದಡದಿಂದ ದಡಕ್ಕೆ ಕಡುನೀಲಿಯಾಯಿತು. ಆ ನೀಲಿ ಗೆರೆ ನಮ್ಮ ಕಡೆಗೆ ನಡೆದುಬಂತು. ಅದರ ಹಿಂದೆ ಒಂದೊಂದೇ ಬಿಳಿನೊರೆ ಹೂವಿನ ಹಾಗೆ ಬಿರಿಯಿತು. ಮೊದಲು ಪಶ್ಚಿಮದ ಮರಗಳ ಸದ್ದು, ಆಮೇಲೆ ಕಂಬದ ಬಟ್ಟೆ ಪಟಪಟ ಎಂದಿತು, ಆಮೇಲೆ ಮುಖಕ್ಕೆ ತಣ್ಣನೆಯ ಗಾಳಿ. ಅದರಲ್ಲಿ ಮಳೆಕಾಡಿನ ವಾಸನೆ ಇತ್ತು.

ದಂಡೆಯಲ್ಲಿ ಕೂತಿದ್ದವರೆಲ್ಲ ಒಟ್ಟಿಗೇ ಎದ್ದರು. ಅಳಿಯ ಎರಡು ನಿಮಿಷ ನಿಂತು ಕೆನ್ನೆಯಲ್ಲೇ ಗಾಳಿಯನ್ನು ತೂಗಿದ. ಕಟ್ಟಿದ್ದ 5.0 ಬಿಚ್ಚಿ ಸುತ್ತಿಟ್ಟು 4.2 ತೆಗೆದ. ಹತ್ತು ನಿಮಿಷದಲ್ಲಿ ಅವನು ನದಿಯ ನಡುವೆ ಒಂದು ಬಣ್ಣದ ಚುಕ್ಕೆ, ನೂರು ಚುಕ್ಕೆಗಳಲ್ಲೊಂದು. ಹತ್ತಿರದ ಕಂಬದ ಮಾಪಕದಲ್ಲಿ ಸರಾಸರಿ 27 ಮೈಲಿ ಎಂದಿತ್ತು.

ಮರುದಿನ ಬೆಳಗ್ಗೆ ಹಿಲ್ಸ್‌ಬರೊದ ಅಡುಗೆಮನೆಯಲ್ಲಿ ಕಾಫಿ ಸೋಸುತ್ತ ನಿಂತಿದ್ದಾಗ ಅವನು ಫೋನ್ ತಂದು ತೋರಿಸಿದ. ಹೊಸ ದಿನದ ಮುನ್ಸೂಚನೆ ಬಂದಿತ್ತು. ಅದರ ಮೊದಲ ಸಾಲು ಹಿಂದಿನ ದಿನದ್ದು: ವೇಗ ಸರಿಯಿತ್ತು, ಹೊತ್ತು ಮುಕ್ಕಾಲು ಗಂಟೆಯಷ್ಟು ತಪ್ಪಿತು. ಕ್ಯಾಸ್ಕೇಡ್ ಲಾಕ್ಸ್ ಮೇಲಿನ ಮೋಡ ತಡವಾಗಿ ಕರಗಿತು, ಆರು ಗಂಟೆಯ ಉಪಗ್ರಹ ಚಿತ್ರದಲ್ಲೇ ಅದರ ದಪ್ಪ ಗಮನಿಸಬೇಕಿತ್ತು ಎಂದು ಬರೆದಿದ್ದರು. ಅದರ ಕೆಳಗೆ ಆ ದಿನದ ಗಾಳಿ.